‘ಹತ್ತೇ ರೂಪಾಯಿ ಆಟ’ ಎಂಬ ಭ್ರಮೆ

“ನಿದ್ದೆ ಬರ್ತಿಲ್ಲ ಸಾರ್, ಒಂದು ಮಾತ್ರೆ ಬರೆದುಕೊಡಿ” ಎಂದು ಬಸರಾಳು ಕಡೆಯ ಯುವಕನೊಬ್ಬ ನನ್ನ ಬಳಿ ಬಂದ. ಕಣ್ಣು ಕೆಂಪಾಗಿತ್ತು. ಎದೆಯುರಿ, ತಲೆನೋವು ಇತ್ತು. ರಕ್ತದೊತ್ತಡವೂ ಸ್ವಲ್ಪ ಏರಿತ್ತು. “ರಾತ್ರಿಯೆಲ್ಲಾ ಫೋನು ಹಿಡ್ಕೊಂಡು ಕೂತಿರ್ತಾನೆ ಸ್ವಾಮಿ” ಎಂದರು ಜೊತೆಗಿದ್ದ ತಾಯಿ. ಅವರನ್ನು ಹೊರಗೆ ಕೂರಿಸಿ ಕೇಳಿದಾಗ ನಿಜ ಹೊರಬಿತ್ತು. ಆತ ಫೋನಿನಲ್ಲಿ ಹಣ ಕಟ್ಟಿ ಪೋಕರ್ ಎಂಬ ಇಸ್ಪೀಟ್ ಆಟ ಆಡುತ್ತಿದ್ದ. “ದೊಡ್ಡ ಆಟ ಏನಲ್ಲ ಸಾರ್, ಹತ್ತು ರೂಪಾಯಿ ಟೇಬಲ್ಲು” ಎಂದ. ಲೆಕ್ಕ ಹಾಕಿಸಿದೆ. ಎಂಟು ತಿಂಗಳಲ್ಲಿ ಕಬ್ಬಿನ ದುಡ್ಡಿನಲ್ಲಿ 60 ಸಾವಿರ ಕರಗಿತ್ತು!

ಹೊಸದಾಗಿ ಆಡುವವರು ಸಣ್ಣ ಮೊತ್ತದಿಂದ ಶುರುಮಾಡಿದರೆ ಅಪಾಯವಿಲ್ಲ ಎಂದು ಅನೇಕರು ಭಾವಿಸುತ್ತಾರೆ. ಇದು ತಪ್ಪು ಕಲ್ಪನೆ.

ಹಬ್ಬದ ಇಸ್ಪೀಟಿಗೂ ಇದಕ್ಕೂ ಏನು ವ್ಯತ್ಯಾಸ?

ನಮ್ಮ ಮಂಡ್ಯ ಸೀಮೆಯಲ್ಲಿ ಯುಗಾದಿಗೆ ಜಗಲಿಯ ಮೇಲೆ ಇಸ್ಪೀಟು ಹರಡುವುದು ಹಳೆಯ ರೂಢಿ. ಅದರಿಂದ ಹಾಳಾದ ಮನೆಗಳೂ ಇವೆ. ಆದರೂ ಅದಕ್ಕೆ ಕೆಲವು ಕಡಿವಾಣಗಳಿರುತ್ತವೆ. ಎಲೆ ಕಲೆಸಿ ಹಂಚಲು ಹೊತ್ತು ಬೇಕು. ಜೇಬಿನ ಕಾಸು ಮುಗಿದರೆ ಏಳಬೇಕು. ಹೊಸತೊಡಕು ಕಳೆದರೆ ಹೊಲದ ಕೆಲಸ ಕರೆಯುತ್ತದೆ. ಫೋನಿನ ಆಟಕ್ಕೆ ಇವೊಂದೂ ಇಲ್ಲ. ಎಲೆ ಕ್ಷಣದಲ್ಲಿ ಬೀಳುತ್ತದೆ, ಹಣ ಬ್ಯಾಂಕಿನಿಂದಲೇ ಹೋಗುತ್ತದೆ, ನೋಡುವವರು ಯಾರೂ ಇಲ್ಲ.

ಇನ್ನು ಲೆಕ್ಕ ನೋಡಿ. ಆರು ಮಂದಿ ತಲಾ 100 ರೂಪಾಯಿ ಇಟ್ಟುಕೊಂಡು ಕೂತರೆನ್ನಿ. ಪ್ರತಿ ಆಟದಲ್ಲಿ 20 ರೂಪಾಯಿ ಸೇರುತ್ತದೆ, ಆಡಿಸುವವರು ನೂರಕ್ಕೆ ಐದರಂತೆ ಒಂದು ರೂಪಾಯಿ ಮುರಿದುಕೊಳ್ಳುತ್ತಾರೆ ಎಂದಿಟ್ಟುಕೊಳ್ಳಿ. ಗಂಟೆಗೆ 60 ಆಟವಾದರೆ 60 ರೂಪಾಯಿ. ಹತ್ತು ಗಂಟೆಗೆ ಆರೂ ಜನರ 600 ರೂಪಾಯಿ ಆಡಿಸುವವರ ಪಾಲು! ಯಾರು ಗೆದ್ದರು, ಯಾರು ಸೋತರು ಎಂಬ ಪ್ರಶ್ನೆಯೇ ಉಳಿಯುವುದಿಲ್ಲ. ಪಣ ಸಣ್ಣದಾದರೂ ಆಟಗಳ ಸಂಖ್ಯೆ ದೊಡ್ಡದು.

ಮಿದುಳಿನಲ್ಲಿ ಏನಾಗುತ್ತದೆ?

ಗೆಲುವು ಯಾವಾಗ ಬರುತ್ತದೋ ತಿಳಿಯದಿರುವುದೇ ಜೂಜಿನ ಸೆಳೆತ. ಈ ನಿರೀಕ್ಷೆಯಲ್ಲಿ ಮಿದುಳಿನ ಡೋಪಮಿನ್ ಎಂಬ ರಾಸಾಯನಿಕದ ಪಾತ್ರವಿದೆ. ಪಾರ್ಕಿನ್ಸನ್ ಕಾಯಿಲೆಗೆ ಕೊಡುವ, ಡೋಪಮಿನ್‌ನಂತೆಯೇ ಕೆಲಸ ಮಾಡುವ ಕೆಲವು ಔಷಧಿಗಳಿಂದ, ಹಿಂದೆಂದೂ ಜೂಜಾಡದವರಿಗೂ ಆ ಚಟ ಹತ್ತಿರುವುದುಂಟು. ಆದ್ದರಿಂದ ಇದು ಬರೀ ಬುದ್ಧಿಗೇಡಿತನವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ ಜೂಜಿನ ಚಟಕ್ಕೆ, ಆನ್‌ಲೈನ್ ಜೂಜಿಗೂ ಸೇರಿದಂತೆ, ಸ್ಥಾನವಿದೆ.

ಗುರುತಿಸುವುದು ಹೇಗೆ?

ವೈದ್ಯರು ಕೇಳುವ ಎರಡು ಸರಳ ಪ್ರಶ್ನೆಗಳಿವೆ.

1. ಪಣದ ಹಣವನ್ನು ಇನ್ನೂ ಹೆಚ್ಚಿಸಬೇಕು ಎಂದು ನಿಮಗೆ ಎಂದಾದರೂ ಅನ್ನಿಸಿದೆಯೇ?

2. ಎಷ್ಟು ಆಡಿದಿರಿ ಎಂಬುದನ್ನು ಮನೆಯವರಿಗೆ ಎಂದಾದರೂ ಸುಳ್ಳು ಹೇಳಿದ್ದೀರಾ?

ಒಂದಕ್ಕೆ ‘ಹೌದು’ ಎಂದರೂ ವೈದ್ಯರನ್ನು ಕಾಣುವುದು ಒಳ್ಳೆಯದು. ನಿದ್ದೆಗೇಡು, ಸಿಡುಕು, ಹೋದ ಹಣವನ್ನು ಮರಳಿ ಗೆಲ್ಲುವ ಹಟ, ಗುಟ್ಟಾದ ಸಾಲ ಇವು ಇತರ ಲಕ್ಷಣಗಳು.

ಮನೆಯವರು ಏನು ಮಾಡಬೇಕು?

ಕರ್ನಾಟಕ 2021ರಲ್ಲಿ ತಂದ ನಿಷೇಧವನ್ನು ಹೈಕೋರ್ಟು 2022ರ ಫೆಬ್ರವರಿಯಲ್ಲಿ ರದ್ದುಪಡಿಸಿತು. ಸಂಸತ್ತು 2025ರ ಆಗಸ್ಟ್‌ನಲ್ಲಿ ಒಪ್ಪಿದ ಕಾಯಿದೆ, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಇಡೀ ದೇಶದಲ್ಲಿ ನಿಷೇಧಿಸುತ್ತದೆ. ಕೌಶಲದ ಆಟವೆಂಬ ನೆಪಕ್ಕೂ ಅದರಲ್ಲಿ ಎಡೆಯಿಲ್ಲ. ಶಿಕ್ಷೆ ಇರುವುದು ಆಡಿಸುವವರಿಗೆ, ಆಡಿದವನಿಗಲ್ಲ. ಹಾಗಾಗಿ ಪೊಲೀಸರ ಭಯದಿಂದ ಕಾಯಿಲೆಯನ್ನು ಮುಚ್ಚಿಡಬೇಡಿ. ಆದರೆ ನಮ್ಮ ಯುವಕ ಹಳೆಯ ಆ್ಯಪ್ ನಿಂತ ಮೇಲೆ ಗೆಳೆಯ ಕಳಿಸಿದ ಬೇರೊಂದು ಕೊಂಡಿ ಒತ್ತಿದ್ದ. ಕಾಯಿದೆಯೊಂದೇ ಸಾಲದು, ಮನೆಯವರ ಎಚ್ಚರವೂ ಬೇಕು.

ಬೈಯಬೇಡಿ, ಹೊಡೆಯಬೇಡಿ. ಸಾಲವೆಷ್ಟೆಂದು ಶಾಂತವಾಗಿ ಕೇಳಿ ಬರೆದುಕೊಳ್ಳಿ. ಅವನ ಒಪ್ಪಿಗೆಯಿಂದಲೇ ಹಣದ ವ್ಯವಹಾರವನ್ನು ಕೆಲಕಾಲ ಬೇರೆಯವರು ನೋಡಿಕೊಳ್ಳಲಿ. ಸಾಲವನ್ನೆಲ್ಲ ಒಮ್ಮೆಗೇ ತೀರಿಸಿ ಕೈ ತೊಳೆದುಕೊಳ್ಳಬೇಡಿ, ಚಟ ಉಳಿದರೆ ಸಾಲ ಮತ್ತೆ ಬೆಳೆಯುತ್ತದೆ. ರಾತ್ರಿ ಫೋನು ನಡುಮನೆಯಲ್ಲಿರಲಿ. ಬರೀ ನಿದ್ದೆಮಾತ್ರೆಯಿಂದ ಇದು ವಾಸಿಯಾಗದು, ಮನೋವೈದ್ಯರ ಆಪ್ತಸಮಾಲೋಚನೆ ಬೇಕು. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ಫೋನು, ಇಂಟರ್‌ನೆಟ್ ಗೀಳಿಗೆ ಪ್ರತ್ಯೇಕ ಚಿಕಿತ್ಸಾಲಯ ತೆರೆದಿದೆ. ‘ಬದುಕೇ ಬೇಡ’ ಎಂಬ ಮಾತು ಬಂದರೆ ಒಂಟಿಯಾಗಿ ಬಿಡದೆ ಕೂಡಲೇ ಆಸ್ಪತ್ರೆಗೆ ಕರೆತನ್ನಿ. ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಆ ಯುವಕನಿಗೆ ಅಂದು ನಾನು ನಿದ್ದೆಮಾತ್ರೆ ಬರೆಯಲಿಲ್ಲ. ಅವನ ಒಪ್ಪಿಗೆ ಪಡೆದು ತಾಯಿಯನ್ನು ಒಳಗೆ ಕರೆದೆ. ಅವನೇ ಬಾಯಿಬಿಟ್ಟು ಹೇಳಿದ. ಚಿಕಿತ್ಸೆ ಶುರುವಾದದ್ದು ಆ ಕ್ಷಣದಿಂದ.

ಹೊಸಬರಿಗೆ ಯೋಗ್ಯವಾದ ಸಣ್ಣ ಪಣ ಯಾವುದು ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟೆ: ಹುಣಸೆ ಬೀಜ! ಮನೆಮಂದಿ ಜಗಲಿಯಲ್ಲಿ ಕೂತು ಬೀಜ ಇಟ್ಟು ಆಡಿ. ಸೋತರೂ ರಾತ್ರಿ ನಿದ್ದೆ ಬರುತ್ತದೆ.