ಗುತ್ತಿಗೆಗೆ ಕೊಡಲಾಗದ ಹೊಣೆ

ಸೈನ್ಯದ ಕೆಲಸವನ್ನು ಖಾಸಗಿಯವರಿಗೆ ವಹಿಸುವುದು ಈಚಿನ ಸರ್ಕಾರಗಳು ಹುಡುಕಿಕೊಂಡ ದಾರಿ ಎಂದು ತಿಳಿದವರು ಒಮ್ಮೆ ಉತ್ತರ ಕನ್ನಡದ ಹಳಿಯಾಳದ ಹಿಂದಿನ ಕಥೆ ನೋಡಬೇಕು. 1799ರಲ್ಲಿ ಟಿಪ್ಪು ಸುಲ್ತಾನ ಮಡಿದ ಮೇಲೆ ಘಟ್ಟದ ಮೇಲಿನ ಈ ಸೀಮೆ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತು. ಹಳಿಯಾಳ, ಸೂಪಾ ಗಡಿಯ ಊರುಗಳಾದವು. ಅವುಗಳಾಚೆ ಮರಾಠರ ರಾಜ್ಯ. ಮರುವರ್ಷ, ಬಂಡೆದ್ದ ಧೋಂಡಿಯಾ ವಾಘನ ಬೆನ್ನು ಹತ್ತಿದ ಕರ್ನಲ್ ಆರ್ಥರ್ ವೆಲ್ಲೆಸ್ಲಿಯ ಪತ್ರಗಳಲ್ಲಿ ಬರುವ ‘ಹುಲ್ಲಿಹಾಲ್’ ನಮ್ಮ ಹಳಿಯಾಳವೇ. ಅವನ ದಂಡಿನ ಬಹುಪಾಲು ಸಿಪಾಯಿಗಳಿಗೆ ಸಂಬಳ ಕೊಡುತ್ತಿದ್ದದ್ದು ಯಾವ ರಾಜನೂ ಅಲ್ಲ, ಲಂಡನ್ನಿನಲ್ಲಿ ಷೇರುದಾರರಿದ್ದ ಒಂದು ವ್ಯಾಪಾರಿ ಕಂಪನಿ. ಇವತ್ತು ಬೆಳಗಾವಿಯಲ್ಲಿ ಕೇಂದ್ರವಿರುವ ಮರಾಠಾ ಲೈಟ್ ಇನ್‌ಫೆಂಟ್ರಿಯ ‘ಜಂಗಿ ಪಲ್ಟನ್’ 1768ರಲ್ಲಿ ಹುಟ್ಟಿದ್ದೂ ಆ ಕಂಪನಿಯ ಭರ್ತಿಯಿಂದಲೇ. 1857ರಲ್ಲಿ ಸಿಪಾಯಿಗಳು ತಿರುಗಿಬಿದ್ದಾಗ ಅಂಥ ಸೈನ್ಯದ ಕೊನೆಯ ಹೊಣೆ ಯಾರದು ಎಂಬ ಪ್ರಶ್ನೆ ಬ್ರಿಟನ್ನಿನ ಮುಂದೆಯೇ ಬಂದು ನಿಂತಿತು. ಮರುವರ್ಷವೇ ಬ್ರಿಟಿಷ್ ಸರ್ಕಾರ ಆಡಳಿತವನ್ನೂ ಸೈನ್ಯವನ್ನೂ ಕಂಪನಿಯಿಂದ ಬಿಡಿಸಿ ತನ್ನ ಕೈಗೆ ತೆಗೆದುಕೊಂಡಿತು. ಇಷ್ಟು ದೊಡ್ಡ ಪ್ರಯೋಗ ಮುಗಿದು ಒಂದೂವರೆ ಶತಮಾನ ದಾಟಿದೆ. ಆದರೂ ಸೈನ್ಯದ ಯಾವ ಕೆಲಸವನ್ನು ಹೊರಗೆ ಕೊಡಬಹುದು, ಯಾವುದನ್ನು ಕೊಡಬಾರದು ಎಂಬ ಪ್ರಶ್ನೆ ನಮ್ಮ ಮುಂದೆ ಮತ್ತೆ ಬಂದಿದೆ.

ಎಲ್ಲವನ್ನೂ ಸರ್ಕಾರವೇ ಮಾಡಬೇಕು ಎನ್ನುವುದು ನನ್ನ ವಾದವಲ್ಲ. ವೆಲ್ಲೆಸ್ಲಿಯ ದಂಡಿಗೆ ಅಕ್ಕಿ ಹೊತ್ತು ತಂದವರು ಲಂಬಾಣಿಗಳು. ಇಂಗ್ಲಿಷ್ ದಾಖಲೆಗಳು ಅವರನ್ನು ‘ಬ್ರಿಂಜಾರಿ’ ಎನ್ನುತ್ತವೆ. ಅವರು ಕಂಪನಿಯ ನೌಕರರಾಗಿರಲಿಲ್ಲ. ತಮ್ಮ ದುಡ್ಡಿನಲ್ಲಿ ಧಾನ್ಯ ಕೊಂಡು, ಹೇರೆತ್ತುಗಳ ಬೆನ್ನ ಮೇಲೆ ಎರಡೂ ಪಕ್ಕಕ್ಕೆ ಇಳಿಬಿಟ್ಟ ಚೀಲಗಳಲ್ಲಿ ತುಂಬಿ, ಗಾಡಿ ದಾರಿ ಇಲ್ಲದ ಕಾಡು ಘಟ್ಟಗಳನ್ನು ದಾಟಿಸಿ ತಂದು ದಂಡಿನ ಬಜಾರಿನಲ್ಲಿ ಮಾರುತ್ತಿದ್ದರು. ಮುಂದಿನ ಎತ್ತಿನ ಕೊರಳಲ್ಲಿ ಗಂಟೆ. ಆ ಸದ್ದು ಕೇಳುತ್ತ ಹಿಂಡು ಹಿಂದೆ ನಡೆಯುತ್ತಿತ್ತು. ರಾತ್ರಿ ತಂಗಿದಲ್ಲಿ ಚೀಲಗಳನ್ನೇ ಒಟ್ಟಿ ಗೋಡೆ ಮಾಡಿಕೊಳ್ಳುತ್ತಿದ್ದರು. ಕಾದಾಡುವ ಎರಡೂ ಪಕ್ಷಗಳಿಗೆ ಅವರು ಬೇಕಾಗಿದ್ದರಿಂದ ಸಾಮಾನ್ಯವಾಗಿ ಯಾರೂ ಅವರ ತಂಟೆಗೆ ಹೋಗುತ್ತಿರಲಿಲ್ಲ. ಈ ಏರ್ಪಾಡು ನಡೆದದ್ದಕ್ಕೆ ಕಾರಣ ಸರಳ. ಅಕ್ಕಿ ಬಂತೋ ಇಲ್ಲವೋ ಎಂಬುದು ಸಂಜೆಯೊಳಗೆ ಗೊತ್ತಾಗುತ್ತದೆ. ಮುಗ್ಗಿದ್ದರೆ ಮೂಗಿಗೆ ತಿಳಿಯುತ್ತದೆ. ಒಬ್ಬ ನಾಯಕ ಕೈಕೊಟ್ಟರೆ ಇನ್ನೊಂದು ತಾಂಡಾದಿಂದ ಕೊಳ್ಳಬಹುದು. ಕಣ್ಣಿಗೆ ಕಾಣುವ, ಅಳೆದು ತೂಗಬಹುದಾದ, ಬದಲಿ ಸಿಗುವ ಸರಕನ್ನು ಸೈನ್ಯ ಹೊರಗಿನಿಂದ ಕೊಂಡರೆ ತಪ್ಪೇನೂ ಇಲ್ಲ. 1889ರಿಂದ ಸೈನ್ಯ ತಾನೇ ನಡೆಸುತ್ತಿದ್ದ ಹಸುಸಾಕಣೆಯ ಮಿಲಿಟರಿ ಫಾರ್ಮ್‌ಗಳಲ್ಲಿ ಕೊನೆಗೆ ಉಳಿದಿದ್ದ 39 ಫಾರ್ಮ್‌ಗಳನ್ನು 2021ರ ಮಾರ್ಚ್ 31ಕ್ಕೆ ಮುಚ್ಚಲಾಯಿತು. ಊರೂರಿಗೂ ಹಾಲಿನ ಡೈರಿ ಬಂದಿರುವಾಗ ಸಿಪಾಯಿಯ ಚಹಾಕ್ಕೆ ಸೈನ್ಯವೇ ಹಸು ಕಟ್ಟಬೇಕಾಗಿಲ್ಲ.

ಆದರೆ ಅದೇ ವೆಲ್ಲೆಸ್ಲಿ ತೋಪು ಎಳೆಯುವ ಕೆಲಸಕ್ಕೆ ಬಾಡಿಗೆ ಎತ್ತುಗಳನ್ನು ನಂಬಲಿಲ್ಲ. 1791ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಬಾಗಿಲಿಗೆ ಬಂದಿದ್ದ ಗವರ್ನರ್ ಜನರಲ್ ಕಾರ್ನ್‌ವಾಲಿಸ್, ಎತ್ತುಗಳು ಸಾಲುಸಾಲಾಗಿ ಸತ್ತು, ತನ್ನ ದೊಡ್ಡ ತೋಪುಗಳನ್ನು ತಾನೇ ಒಡೆದು ಹಾಕಿ ಬೆಂಗಳೂರಿಗೆ ಹಿಂದಿರುಗಬೇಕಾಗಿ ಬಂದದ್ದು ಆಗಿನ್ನೂ ಹಳೆಯ ಮಾತಾಗಿರಲಿಲ್ಲ. ಮೈಸೂರಿನ ಅರಸರು ಬೆಳೆಸಿ, ಹೈದರ್ ಮತ್ತು ಟಿಪ್ಪು ದಂಡಿಗೆಂದೇ ಪಳಗಿಸಿದ್ದ ಅಮೃತಮಹಲ್ ತಳಿ ಕಂಪನಿಯ ಕೈಗೆ ಬಂದಾಗ ವೆಲ್ಲೆಸ್ಲಿ ಅದನ್ನು ಜತನ ಮಾಡಿದ. ಮುಂದೆ ನಡೆದದ್ದನ್ನು ನಮ್ಮ ಹಣಕಾಸು ಅಧಿಕಾರಿಗಳೆಲ್ಲ ಓದಬೇಕು. 1860ರಲ್ಲಿ ಮದ್ರಾಸಿನ ಗವರ್ನರ್ ಚಾರ್ಲ್ಸ್ ಟ್ರೆವೆಲಿಯನ್ ಖರ್ಚು ಉಳಿಸಲು ಅಮೃತಮಹಲ್ ಇಲಾಖೆಯನ್ನೇ ಎತ್ತಿಹಾಕಿ ಹಿಂಡುಗಳನ್ನು ಮಾರಿಸಿದ. ಬೇಕಾದಾಗ ಪೇಟೆಯಲ್ಲಿ ಎತ್ತು ಸಿಗುತ್ತದೆ ಎಂಬುದು ಲೆಕ್ಕ. ಆದರೆ ಅಂಥ ಎತ್ತು ಪೇಟೆಯಲ್ಲಿ ಸಿಗಲಿಲ್ಲ. 1866ರಲ್ಲಿ ಮಾರಿದ ಹಿಂಡಿನ ಚೂರುಪಾರನ್ನು ಹುಡುಕಿ ತಂದು ಇಲಾಖೆಯನ್ನು ಮತ್ತೆ ಕಟ್ಟಬೇಕಾಯಿತು. ತಲೆಮಾರುಗಳ ಕಾಲ ಕಟ್ಟಿದ ಸಾಮರ್ಥ್ಯವನ್ನು ಮಾರಲು ಒಂದು ಆಜ್ಞೆ ಸಾಕು. ಅದನ್ನು ಮರಳಿ ಪಡೆಯಲು ವರ್ಷಗಳು ಬೇಕು.

ಎತ್ತಿನ ವಿಷಯದಲ್ಲೇ ಹೀಗಾದರೆ ಸಿಪಾಯಿಯನ್ನು ಆರಿಸುವ ಕೆಲಸದ ಗತಿ ಏನು? ಇದಕ್ಕೆ ಬ್ರಿಟನ್ ಕಣ್ಣಮುಂದಿನ ಉತ್ತರ. 2012ರಲ್ಲಿ ಅಲ್ಲಿಯ ಭೂಸೇನೆ ತನ್ನ ಭರ್ತಿಯ ಕೆಲಸವನ್ನು ಕ್ಯಾಪಿಟಾ ಎಂಬ ಕಂಪನಿಗೆ ಹತ್ತು ವರ್ಷಕ್ಕೆ, 49.5 ಕೋಟಿ ಪೌಂಡಿನ ಒಪ್ಪಂದದಲ್ಲಿ ವಹಿಸಿತು. ಅದುವರೆಗೆ ಊರಿನ ಭರ್ತಿ ಕಚೇರಿಯಲ್ಲಿ ಸಮವಸ್ತ್ರದ ಸಾರ್ಜೆಂಟನೊಬ್ಬ ಹುಡುಗನ ಎದುರು ಕೂತು ಮಾತಾಡುತ್ತಿದ್ದ. ಆ ಕಚೇರಿಗಳನ್ನು ಕಡಿಮೆ ಮಾಡಿ, ವೆಬ್‌ಸೈಟು ಮತ್ತು ದೂರವಾಣಿ ಕೇಂದ್ರಗಳ ಮೂಲಕ ಕೆಲಸ ನಡೆಸುವುದು ಯೋಜನೆ. ಇದರಿಂದ ಸೈನಿಕರು ತಮ್ಮ ಕೆಲಸಕ್ಕೆ ಮರಳುತ್ತಾರೆ, ಹಣವೂ ಉಳಿಯುತ್ತದೆ ಎಂದು ಹೇಳಲಾಗಿತ್ತು. 2018ರ ಡಿಸೆಂಬರಿನಲ್ಲಿ ಅಲ್ಲಿಯ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ ಕೊಟ್ಟ ವರದಿ ಬೇರೆಯೇ ಹೇಳಿತು. ಕಂಪನಿ ಒಂದು ವರ್ಷವೂ ಭರ್ತಿಯ ಗುರಿ ಮುಟ್ಟಿರಲಿಲ್ಲ. ಆನ್‌ಲೈನ್ ವ್ಯವಸ್ಥೆ 52 ತಿಂಗಳು ತಡವಾಗಿ ಬಂತು. ಸೇರಿದ ಸೈನಿಕರಲ್ಲಿ ಅರ್ಧದಷ್ಟು ಮಂದಿಗೆ ಅರ್ಜಿ ಹಾಕಿದಲ್ಲಿಂದ ತರಬೇತಿ ಶುರುವಾಗಲು 321 ದಿನಗಳವರೆಗೆ ಹಿಡಿಯುತ್ತಿತ್ತು. 2017-18ರಲ್ಲಿ ಅರ್ಜಿ ಹಾಕಿದವರ ಪೈಕಿ ಶೇ 47ರಷ್ಟು ಮಂದಿ ತಾವಾಗಿಯೇ ಹಿಂದೆ ಸರಿದರು. ಹದಿನೆಂಟರ ಹುಡುಗ ಹತ್ತು ತಿಂಗಳು ಕಾಯುವುದಿಲ್ಲ. ಬೇರೆ ಕೆಲಸ ಹುಡುಕಿಕೊಳ್ಳುತ್ತಾನೆ. ಕಂಪನಿಗೆ ದಂಡ ಬಿತ್ತು, ನಿಜ. ಆದರೆ ಖಾಲಿ ಉಳಿದ ಜಾಗಗಳು ಕಂಪನಿಯದ್ದಲ್ಲ, ಸೈನ್ಯದ್ದು. ಅಷ್ಟೊಂದು ಕೆಟ್ಟದ್ದಾಗಿದ್ದರೆ ಬ್ರಿಟನ್ 2025ರಲ್ಲಿ ಸರ್ಕೋ ಎಂಬ ಇನ್ನೊಂದು ಕಂಪನಿಗೆ ಮೂರೂ ಪಡೆಗಳ ಭರ್ತಿ ಕೆಲಸವನ್ನು ಯಾಕೆ ಕೊಟ್ಟಿತು ಎಂದು ಯಾರಾದರೂ ಕೇಳಬಹುದು. ನನಗೆ ಅಲ್ಲಿ ಕಾಣುವುದು ಅಮೃತಮಹಲಿನ ಪಾಠವೇ. ಹಳೆಯ ಕಚೇರಿಗಳನ್ನೂ ಆ ಸಾರ್ಜೆಂಟರ ಅನುಭವವನ್ನೂ ಕಳೆದುಕೊಂಡ ಮೇಲೆ ಗುತ್ತಿಗೆದಾರನನ್ನು ಬದಲಿಸುವುದು ಸುಲಭ, ಗುತ್ತಿಗೆ ಬಿಡುವುದು ಕಷ್ಟ.

ಸೈನ್ಯದ ಲೆಕ್ಕದ ಪುಸ್ತಕದಿಂದ ಹೊರಗೆ ಉಳಿದರೆ ಸೈನಿಕ ಏನು ಕಳೆದುಕೊಳ್ಳುತ್ತಾನೆ ಎಂಬುದನ್ನು ತಿಳಿಯಲು ಲಂಡನ್ನಿಗೆ ಹೋಗಬೇಕಾಗಿಲ್ಲ, ಮುಂಡಗೋಡ ಸಾಕು. 1966ರಲ್ಲಿ ಸುಮಾರು 4,000 ಎಕರೆ ಕಾಡುನೆಲದಲ್ಲಿ ನೆಲೆನಿಂತ ಇಲ್ಲಿಯ ಟಿಬೆಟನ್ ಕಾಲೊನಿಯನ್ನು ಪ್ರವಾಸಿಗರು ಡ್ರೆಪುಂಗ್, ಗಾಡೆನ್ ಮಠಗಳಿಗಾಗಿ ನೋಡಲು ಬರುತ್ತಾರೆ. ಇಂಥ ನೆಲೆಗಳ ಯುವಕರು ಸೇರುತ್ತ ಬಂದ ಪಡೆಯೊಂದಿದೆ: ಚೀನಾ ಯುದ್ಧದ ನಡುವೆ, 1962ರ ನವೆಂಬರ್ 14ರಂದು ಹುಟ್ಟಿದ ಸ್ಪೆಷಲ್ ಫ್ರಾಂಟಿಯರ್ ಫೋರ್ಸ್. ಅದರವರು ಅದನ್ನು ‘ಟೂ-ಟೂ’ ಎನ್ನುತ್ತಾರೆ. ಇದು ಖಾಸಗಿ ಪಡೆ ಅಲ್ಲವೇ ಅಲ್ಲ, ಭಾರತ ಸರ್ಕಾರದ್ದೇ. ಆದರೆ ಸೈನ್ಯದ ಸಾಮಾನ್ಯ ಚೌಕಟ್ಟಿನ ಹೊರಗೆ, ಸಚಿವ ಸಂಪುಟ ಸಚಿವಾಲಯದ ಅಡಿಯಲ್ಲಿ, ಗುಟ್ಟಾಗಿ ಕಟ್ಟಿದ್ದು. 1971ರಲ್ಲಿ ಮೇಜರ್ ಜನರಲ್ ಸುಜಾನ್ ಸಿಂಗ್ ಉಬಾನ್ ಅವರ ಕೆಳಗೆ ಈ ಪಡೆ ಚಿತ್ತಗಾಂಗ್ ಬೆಟ್ಟಗಳಲ್ಲಿ ಕಾದಾಡಿತು. 56 ಮಂದಿ ಮಡಿದರು, ಸುಮಾರು 190 ಮಂದಿ ಗಾಯಗೊಂಡರು. ಪಡೆ ಇದೆ ಎಂದೇ ಸರ್ಕಾರ ಒಪ್ಪಿಕೊಳ್ಳುವಂತಿರಲಿಲ್ಲವಾದ್ದರಿಂದ ಅವರಿಗೆ ಶೌರ್ಯ ಪದಕಗಳು ಸಲ್ಲಲಿಲ್ಲ; 580 ಮಂದಿಗೆ ನಗದು ಬಹುಮಾನ ಕೊಡಲಾಯಿತು. 2020ರ ಆಗಸ್ಟಿನ ಕೊನೆಯಲ್ಲಿ ಪ್ಯಾಂಗಾಂಗ್ ಸರೋವರದ ಬಳಿ ನೆಲಬಾಂಬ್ ಸಿಡಿದು ಸತ್ತ ನ್ಯಿಮಾ ತೆನ್ಜಿನ್ ಅವರ ಶವಪೆಟ್ಟಿಗೆಯ ಮೇಲೆ ಭಾರತದ ಧ್ವಜ, ಟಿಬೆಟಿನ ಧ್ವಜ ಎರಡನ್ನೂ ಹೊದಿಸಿ ಲೇಹ್‌ನಲ್ಲಿ ಬಹಿರಂಗವಾಗಿ ಅಂತ್ಯಕ್ರಿಯೆ ನಡೆದಾಗ ದೇಶದ ಎಷ್ಟೋ ಜನಕ್ಕೆ ಇಂಥದ್ದೊಂದು ಪಡೆ ಇದೆಯೆಂದು ಮೊದಲ ಸಲ ತಿಳಿಯಿತು. ಸರ್ಕಾರವೇ ಸಂಬಳ ಕೊಟ್ಟು, ಸರ್ಕಾರವೇ ಆಜ್ಞೆ ಕೊಟ್ಟ ಸೈನಿಕರಿಗೇ ಹೆಸರು ದಕ್ಕಲು ಐವತ್ತೆಂಟು ವರ್ಷ ಹಿಡಿಯಿತು. ಸೈನಿಕನಿಗೂ ಸರ್ಕಾರಕ್ಕೂ ನಡುವೆ ಒಬ್ಬ ಗುತ್ತಿಗೆದಾರ ನಿಂತಿದ್ದರೆ ಅಷ್ಟಾದರೂ ಸಿಗುತ್ತಿತ್ತೇ?

ದಾಂಡೇಲಿಯಂಥ ಕಾರ್ಖಾನೆಯ ಊರಿನಲ್ಲಿ ಗುತ್ತಿಗೆ ಕೆಲಸ ಎಂದರೇನು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಸಂಬಳ ಕೊಡುವವನು ಒಬ್ಬ, ಕೆಲಸ ಹೇಳುವವನು ಇನ್ನೊಬ್ಬ. ಪೆಟ್ಟಾದ ದಿನ ಇಬ್ಬರೂ ಒಬ್ಬರನ್ನೊಬ್ಬರು ತೋರಿಸುತ್ತಾರೆ. ಈ ಕಷ್ಟ ಗೊತ್ತಿದ್ದೇ 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆ ‘ಮೂಲ ಮಾಲೀಕ’ನನ್ನು ಗುರುತಿಸಿತು: ಗುತ್ತಿಗೆದಾರ ಕೂಲಿ ಕೊಡದಿದ್ದರೆ ಮೂಲ ಮಾಲೀಕ ಕೊಡಬೇಕು. ಯುದ್ಧದ ದಲ್ಲಾಳಿಗಳ ಲೋಕದಲ್ಲಿ ಅಂಥ ಮೂಲ ಮಾಲೀಕ ಕೈಗೆ ಸಿಗುವುದಿಲ್ಲ. 2024ರ ಫೆಬ್ರುವರಿಯಲ್ಲಿ ಕಲಬುರಗಿ ಜಿಲ್ಲೆಯ ಯುವಕರು ರಷ್ಯಾದ ಸೈನ್ಯದಲ್ಲಿ ಸಿಕ್ಕಿಬಿದ್ದ ಸುದ್ದಿ ಬಂತು. ಭದ್ರತಾ ಸಿಬ್ಬಂದಿಯ ಕೆಲಸ, ಸಹಾಯಕನ ಕೆಲಸ ಎಂದು ಹೇಳಿ, ಲಕ್ಷಗಟ್ಟಲೆ ಹಣ ಪಡೆದು ಏಜೆಂಟರು ಅವರನ್ನು ಕಳಿಸಿದ್ದರು. ಸಹಿ ಹಾಕಿಸಿಕೊಂಡ ಕಾಗದ ಇದ್ದದ್ದು ರಷ್ಯನ್ ಭಾಷೆಯಲ್ಲಿ. ಕೆಲಸ ಇದ್ದದ್ದು ಉಕ್ರೇನಿನ ಗಡಿಯಲ್ಲಿ. ಅದೇ ತಿಂಗಳು, ಹೀಗೆಯೇ ಹೋಗಿದ್ದ ಗುಜರಾತಿನ ಯುವಕನೊಬ್ಬ ಡ್ರೋನ್ ದಾಳಿಗೆ ಬಲಿಯಾದ. ಮಾರ್ಚ್‌ನಲ್ಲಿ ಸಿಬಿಐ ಪ್ರಕರಣ ದಾಖಲಿಸಿತು. ಕಲಬುರಗಿಯವರು ಮನೆ ಸೇರಿದ್ದು ಸೆಪ್ಟೆಂಬರಿನಲ್ಲಿ. ಆ ತಿಂಗಳುಗಳಲ್ಲಿ ತಂದೆತಾಯಂದಿರು ಬಾಗಿಲು ತಟ್ಟಿದ್ದು ಸಂಸದರದು, ಮಂತ್ರಿಗಳದು, ರಾಯಭಾರ ಕಚೇರಿಯದು. ಕಳಿಸಿದವರು ಖಾಸಗಿಯವರು, ಕರೆತರಬೇಕಾದವರು ಸರ್ಕಾರದವರು.

ಇದು ಮೋಸದ ಪ್ರಕರಣ, ನೋಂದಾಯಿತ ಕಂಪನಿಗಳಿಗೆ ಇದನ್ನು ಅಂಟಿಸಬಾರದು ಎಂಬ ಆಕ್ಷೇಪವನ್ನು ನಾನು ಒಪ್ಪುತ್ತೇನೆ. ಆದರೆ ಬ್ಲ್ಯಾಕ್‌ವಾಟರ್ ಅಮೆರಿಕದ ನೋಂದಾಯಿತ ಭದ್ರತಾ ಕಂಪನಿಯೇ. 2007ರ ಸೆಪ್ಟೆಂಬರ್ 16ರಂದು ಬಾಗ್ದಾದಿನ ನಿಸೂರ್ ಚೌಕದಲ್ಲಿ ಅದರ ಕಾವಲುಗಾರರ ಗುಂಡಿಗೆ 17 ನಾಗರಿಕರು ಸತ್ತರು. ಕೊಂದವರಿಗೆ ಶಿಕ್ಷೆಯಾದರೂ 2020ರಲ್ಲಿ ಅಮೆರಿಕದ ಅಧ್ಯಕ್ಷರ ಕ್ಷಮಾದಾನ ಸಿಕ್ಕಿತು. ಇನ್ನೊಂದು ಆಕ್ಷೇಪ ಹೊಟ್ಟೆಪಾಡಿನದು, ಅದು ಹಗುರವಾದದ್ದಲ್ಲ. ಅಗ್ನಿಪಥ ಯೋಜನೆಯಲ್ಲಿ ಅಗ್ನಿವೀರರಾಗಿ ಸೇರಿದವರಲ್ಲಿ ಶೇ 25ರಷ್ಟು ಮಂದಿಯವರೆಗೆ ಮಾತ್ರ ಸೈನ್ಯದಲ್ಲಿ ಮುಂದುವರಿಯುತ್ತಾರೆ. ಉಳಿದವರು ನಾಲ್ಕು ವರ್ಷ ಮುಗಿಸಿ, ಸುಮಾರು 11.71 ಲಕ್ಷ ರೂಪಾಯಿಯ ಸೇವಾನಿಧಿಯೊಂದಿಗೆ, ಪಿಂಚಣಿಯಿಲ್ಲದೆ ಊರಿಗೆ ಬರುತ್ತಾರೆ. ಬಂದೂಕು ಹಿಡಿಯಲು ಕಲಿತ, ಇಪ್ಪತ್ತೈದು ತುಂಬದ ಹಳಿಯಾಳದ ಹುಡುಗನಿಗೆ ಭದ್ರತಾ ಕಂಪನಿ ಕೆಲಸ ಕೊಟ್ಟರೆ ಅದನ್ನು ತಪ್ಪಿಸಲು ನಾನಾರು? ಬ್ಯಾಂಕು, ಕಾರ್ಖಾನೆ, ಅಣೆಕಟ್ಟುಗಳ ಕಾವಲಿಗೆ ಅವನು ಹೋಗಲಿ. ಆದರೆ ಗಡಿ ದಾಟುವ ಮಾತು ಬೇರೆ. 2005ರ ಖಾಸಗಿ ಭದ್ರತಾ ಏಜೆನ್ಸಿಗಳ ಕಾಯ್ದೆಯ ಪ್ರಕಾರ ವಿದೇಶದಲ್ಲಿ ಭದ್ರತಾ ಸೇವೆ ಕೊಡಬೇಕಾದರೆ ಏಜೆನ್ಸಿ ನಿಯಂತ್ರಣಾಧಿಕಾರಿಯ ಅನುಮತಿ ಪಡೆಯಬೇಕು, ಅವರು ಕೇಂದ್ರ ಸರ್ಕಾರವನ್ನು ಕೇಳಬೇಕು. ಈ ಒಂದು ಸಾಲು ಪ್ರತಿ ಅಗ್ನಿವೀರನಿಗೂ ಬಿಡುಗಡೆಯ ಪತ್ರದ ಜೊತೆಗೇ ಕನ್ನಡದಲ್ಲಿ ಸಿಗಬೇಕು.

ಕೊನೆಯದಾಗಿ, ನಮ್ಮಲ್ಲೇ ಶುರುವಾಗಿರುವ ಬದಲಾವಣೆ. 2023ರಿಂದ ಭೂಸೇನೆಯ ಭರ್ತಿಯಲ್ಲಿ ಮೊದಲು ಕಂಪ್ಯೂಟರಿನಲ್ಲಿ ಲಿಖಿತ ಪರೀಕ್ಷೆ, ಆಮೇಲೆ ಓಟ. ಪರೀಕ್ಷೆ ನಡೆಸುವುದು ಸೈನ್ಯವಲ್ಲ, ಕೇಂದ್ರ ಶಿಕ್ಷಣ ಸಚಿವಾಲಯದ ಅಡಿಯ ಎಡ್‌ಸಿಲ್ ಸಂಸ್ಥೆ. ಅಭ್ಯರ್ಥಿಯೊಬ್ಬರಿಗೆ 500 ರೂಪಾಯಿ ಶುಲ್ಕ, ಅರ್ಧವನ್ನು ಸೈನ್ಯವೇ ಭರಿಸುತ್ತದೆ. ಪರೀಕ್ಷೆ ನಡೆಸುವುದು ಸರ್ಕಾರಿ ಸಂಸ್ಥೆಯೇ. ಓಟ, ದೇಹಪರೀಕ್ಷೆ, ವೈದ್ಯಕೀಯ ತಪಾಸಣೆ, ಆಯ್ಕೆ ಎಲ್ಲ ಸೈನ್ಯದ ಕೈಯಲ್ಲೇ ಇವೆ. ಹಾಗಾಗಿ ಇದನ್ನು ಬ್ರಿಟನ್ನಿನ ಜೊತೆ ಸಮ ಮಾಡುವುದು ಸರಿಯಲ್ಲ. ಆದರೂ ಜೊಯಿಡಾದ ಕಾಡಿನಂಚಿನ ಹುಡುಗನ ದೃಷ್ಟಿಯಿಂದ ನೋಡಿ. ಮುಂಚೆ ಅವನು ಬರಿಗಾಲಲ್ಲಿ ಬಂದು 1.6 ಕಿಲೋಮೀಟರ್ ಓಡಿ ತೋರಿಸಿದರೆ ಮೊದಲ ಬಾಗಿಲು ತೆರೆಯುತ್ತಿತ್ತು. ಅವನ ಎದೆ, ಕಾಲು, ಉಸಿರು ಸೈನ್ಯದವರ ಕಣ್ಣಿಗೇ ಬೀಳುತ್ತಿದ್ದವು. ಈಗ ಮೊದಲು ನೆಟ್‌ವರ್ಕ್ ಸಿಗುವ ಜಾಗ ಹುಡುಕಿ ಅರ್ಜಿ ತುಂಬಬೇಕು, ದೂರದ ಪಟ್ಟಣಕ್ಕೆ ಹೋಗಿ ಮೌಸ್ ಹಿಡಿಯಬೇಕು. ಅದರಲ್ಲಿ ಸೋತರೆ ಅವನ ಓಟವನ್ನು ಯಾರೂ ನೋಡುವುದೇ ಇಲ್ಲ. ಸಮವಸ್ತ್ರದ ಒಬ್ಬರನ್ನೂ ಭೇಟಿಯಾಗದೆ ಅವನು ಮನೆಗೆ ಮರಳುತ್ತಾನೆ. ಅದರ ಮೇಲೆ ಉತ್ತರ ಕನ್ನಡ ಜಿಲ್ಲೆ ಸೇರಿರುವುದು ಮಂಗಳೂರಿನ ಸೇನಾ ಭರ್ತಿ ಕಚೇರಿಗೆ. ಹಳಿಯಾಳ, ಜೊಯಿಡಾದವರಿಗೆ ಕೈಗೆಟಕುವಷ್ಟು ಹತ್ತಿರದಲ್ಲಿರುವ ಬೆಳಗಾವಿಗೆ ಅಲ್ಲ. ಈ ದೂರವನ್ನೇ ಕಾರಣವಾಗಿ ತೋರಿಸಿ ನಾಳೆ ಯಾವುದಾದರೂ ಕಂಪನಿ, ನಾವು ಊರೂರಿಗೆ ಬರುತ್ತೇವೆ, ಭರ್ತಿಯನ್ನು ನಮಗೆ ಬಿಡಿ ಎಂದು ಕೇಳಬಹುದು. ಅದಕ್ಕೆ ಮುಂಚೆ ಸೈನ್ಯವೇ ಬರಲಿ. ತಿಂಗಳಿಗೊಂದು ದಿನ ಹಳಿಯಾಳ, ಜೊಯಿಡಾ, ದಾಂಡೇಲಿ, ಮುಂಡಗೋಡದ ತಾಲ್ಲೂಕು ಕಚೇರಿಯ ಒಂದು ಕೋಣೆಯಲ್ಲಿ ಒಬ್ಬ ಹವಾಲ್ದಾರ ಕನ್ನಡ, ಮರಾಠಿ, ಕೊಂಕಣಿ ಬಲ್ಲ ನಿವೃತ್ತ ಸೈನಿಕನನ್ನು ಜೊತೆಗಿಟ್ಟುಕೊಂಡು ಕೂರಲಿ. ಅರ್ಜಿ ಅಲ್ಲೇ ತುಂಬಿಸಲಿ, ಎತ್ತರ ಅಲ್ಲೇ ಅಳೆಯಲಿ. ಬಿದ್ದುಹೋದ ಹುಡುಗನಿಗೆ ಯಾಕೆ ಬಿದ್ದೆ ಎಂಬುದನ್ನು ಅಲ್ಲೇ, ಮುಖ ನೋಡಿ ಹೇಳಲಿ.