ಸಸಿಹಿತ್ಲು: ಅಲೆ ಏರುವ ಮುನ್ನ ಅಳಿವೆಯನ್ನು ಅರಿಯಿರಿ

ಮಂಗಳೂರು: ಉಡುಪಿಯತ್ತ ಸಾಗುವ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಹಳೆಯಂಗಡಿಯ ಬಳಿ ಪಶ್ಚಿಮಕ್ಕೆ ತಿರುಗಿದರೆ ಸಿಗುವ ಮೀನುಗಾರರ ಪುಟ್ಟ ಊರು ಸಸಿಹಿತ್ಲು. ಭಗವತಿ ಕ್ಷೇತ್ರದಿಂದ ಕರಾವಳಿಗರಿಗೆ ಪರಿಚಿತವಾಗಿದ್ದ ಈ ಊರು 2016 ಹಾಗೂ 2017ರಲ್ಲಿ ಇಲ್ಲಿ ಜರುಗಿದ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ಸ್ಪರ್ಧೆಯ ಬಳಿಕ ದೂರದ ಪ್ರವಾಸಿಗರನ್ನೂ ಸೆಳೆಯತೊಡಗಿತು. ನೆರೆಯ ಮೂಲ್ಕಿಯಲ್ಲಿ ಮಂತ್ರ ಸರ್ಫ್ ಕ್ಲಬ್ 2004ರಿಂದಲೇ ಈ ಕ್ರೀಡೆಗೆ ನೆಲೆ ಒದಗಿಸಿತ್ತು.

ಇಷ್ಟು ಉದ್ದದ ಕರಾವಳಿಯಲ್ಲಿ ಸರ್ಫಿಂಗ್‌ಗೆ ಸಸಿಹಿತ್ಲುವೇ ಏಕೆ? ಉತ್ತರ ಅಳಿವೆಯಲ್ಲಿದೆ. ಶಾಂಭವಿ ಮತ್ತು ನಂದಿನಿ ನದಿಗಳು ಇಲ್ಲಿ ಒಂದಾಗಿ ಅರಬ್ಬಿ ಸಮುದ್ರ ಸೇರುತ್ತವೆ. ನದಿ ತಂದ ಮರಳನ್ನು ಕಡಲು ಮರಳಿ ದಡದತ್ತ ತಳ್ಳುವುದರಿಂದ ನೀರಿನಡಿಯಲ್ಲಿ ದಿಬ್ಬಗಳು ಏಳುತ್ತವೆ. ಆಳದಿಂದ ಬರುವ ಅಲೆ ದಿಬ್ಬಕ್ಕೆ ತಾಗಿದೊಡನೆ ವೇಗ ಕಳೆದುಕೊಂಡು ಎತ್ತರಕ್ಕೆ ಏಳುತ್ತದೆ, ಬಳಿಕ ಒಂದು ಬದಿಯಿಂದ ಮುರಿಯುತ್ತಾ ಸಾಗುತ್ತದೆ. ಸವಾರನಿಗೆ ಬೇಕಾದುದು ಈ ಓರೆಯ ಮುರಿತವೇ. ತಳದಲ್ಲಿ ಮರಳಿರುವುದರಿಂದ ಹಲಗೆಯಿಂದ ಬಿದ್ದರೂ ಬಂಡೆಯ ಪೆಟ್ಟಿನ ಭಯ ಕಡಿಮೆ.

ಆದರೆ ಈಜಲು ಬರುವವರಿಗೆ ಅಪಾಯವೂ ಅಲ್ಲಿಯೇ ಇದೆ. ದಿಬ್ಬಗಳ ನಡುವಿನ ಕಾಲುವೆಯಲ್ಲಿ ಅಲೆ ಮುರಿಯುವುದಿಲ್ಲ. ನೀರು ಶಾಂತವಾಗಿ ಕಾಣುತ್ತದೆ. ಮಕ್ಕಳನ್ನು ಕರೆತಂದ ಕುಟುಂಬಗಳು ಸಹಜವಾಗಿಯೇ ಆ ಜಾಗವನ್ನು ಆರಿಸಿಕೊಳ್ಳುತ್ತವೆ. ದಡಕ್ಕೆ ಬಂದ ನೀರು ಕಡಲಿಗೆ ಮರಳುವುದು ಆ ಕಾಲುವೆಯ ಮೂಲಕವೇ. ಇಳಿತದ ಹೊತ್ತಿನಲ್ಲಿ ಅಳಿವೆಯಿಂದ ನದಿಯ ನೀರೂ ಸೇರಿ ಸೆಳೆತ ಇನ್ನಷ್ಟು ಬಲಗೊಳ್ಳುತ್ತದೆ. ನುರಿತ ಸರ್ಫರ್‌ಗಳು ಇದೇ ಸೆಳೆತವನ್ನು ಬಳಸಿ ಸಲೀಸಾಗಿ ಆಚೆ ಸಾಗುತ್ತಾರೆ. ಆದರೆ ಅವರ ಕಾಲಿಗೆ ಹಲಗೆಯ ಹಗ್ಗವಿರುತ್ತದೆ ಎಂಬುದನ್ನು ಮರೆಯಬಾರದು.

ಸೆಳೆತಕ್ಕೆ ಸಿಲುಕಿದವರು ನೇರ ದಡದತ್ತ ಈಜಲು ಹೆಣಗಿದರೆ ಬೇಗ ಸುಸ್ತಾಗುತ್ತಾರೆ. ಗಾಬರಿಯಾಗದೆ ತೇಲುತ್ತಾ ಕೈ ಎತ್ತಿ ನೆರವು ಕೋರಬೇಕು; ಶಕ್ತಿಯಿದ್ದರೆ ದಡಕ್ಕೆ ಸಮಾನಾಂತರವಾಗಿ ಸಾಗಿ, ಅಲೆ ಮುರಿಯುವ ಕಡೆಯಿಂದ ಹೊರಬರಬೇಕು. ರಕ್ಷಣೆಗೆಂದು ಬರಿಗೈಯಲ್ಲಿ ಹಿಂದೆಯೇ ಧುಮುಕುವುದು ಇನ್ನೊಂದು ಜೀವವನ್ನು ಒತ್ತೆಯಿಟ್ಟಂತೆ.

ಕಲಿಯುವವರಿಗೆ ಮಳೆಗಾಲ ಮುಗಿದ ನಂತರದ ತಿಂಗಳುಗಳು ಸೂಕ್ತ. ಸ್ಪರ್ಧಿಗಳು ಬಯಸುವ ದೊಡ್ಡ ಅಲೆಗಳು ಮೇ ಕೊನೆಗೆ, ಮುಂಗಾರಿನ ಹೊಸ್ತಿಲಲ್ಲಿ ಬರುತ್ತವೆ. ಜೂನ್ ಬಳಿಕ ಪ್ರವಾಸಿಗರು ನೀರಿಗಿಳಿಯುವ ಮಾತೇ ಬೇಡ.

ಹಲವು ಮಳೆಗಾಲಗಳಲ್ಲಿ ಕಡಲ್ಕೊರೆತಕ್ಕೆ ತುತ್ತಾದ ದಡವಿದು. ಕಳೆದ ವರ್ಷ ಸೊಂಟದವರೆಗಿದ್ದ ನೀರು ಈ ವರ್ಷ ತಲೆ ಮುಳುಗಿಸುವಷ್ಟು ಆಳವಾಗಿರಬಹುದು. ಆದ್ದರಿಂದ ಹಿಂದೆ ಬಂದವರೂ ನೀರಿಗಿಳಿಯುವ ಮುನ್ನ ದಡದಲ್ಲಿರುವ ಮೀನುಗಾರರನ್ನೋ ಸರ್ಫಿಂಗ್ ತರಬೇತುದಾರರನ್ನೋ ವಿಚಾರಿಸುವುದು ಒಳಿತು. ಕಾಲುವೆ ಈ ಬಾರಿ ಎಲ್ಲಿದೆ ಎಂಬುದು ಅವರಿಗೆ ಗೊತ್ತಿರುತ್ತದೆ.