ಬಿಟ್ಟ ಉಸಿರನ್ನೇ ಮರಳಿ ಕೊಡುವ ಯಂತ್ರ

ಹವಾಯಿ ದ್ವೀಪಮಾಲೆಯ ವಾಯವ್ಯದ ಕೊನೆಯಲ್ಲಿರುವ ಕುರೆ ಎಂಬ ಹವಳದ್ವೀಪದ ಹೊರಮಗ್ಗುಲಲ್ಲಿ, 90 ಮೀಟರಿಗೂ ಮಿಕ್ಕ ಆಳದಲ್ಲಿ, ನಸುಗೆಂಪು ಮತ್ತು ಹೊಂಬಣ್ಣ ಬೆರೆತ ಒಂದು ಪುಟ್ಟ ಮೀನು ವಾಸಿಸುತ್ತದೆ. ಹೊನೊಲುಲುವಿನ ಬಿಷಪ್ ವಸ್ತುಸಂಗ್ರಹಾಲಯದ ರಿಚರ್ಡ್ ಪೈಲ್ ಮತ್ತು ಅವರ ಸಹೋದ್ಯೋಗಿಗಳು 2016ರಲ್ಲಿ ಅದನ್ನು ಹೊಸ ಜಾತಿಯೆಂದು ವರ್ಣಿಸಿ, ಅಂದಿನ ಅಮೆರಿಕದ ಅಧ್ಯಕ್ಷರ ಗೌರವಾರ್ಥವಾಗಿ ‘ಟೊಸಾನಾಯ್ಡಿಸ್ ಒಬಾಮ’ ಎಂದು ಹೆಸರಿಟ್ಟರು. ಗಗನಯಾತ್ರಿಗಳು ಚಂದ್ರನ ಮೇಲೆ ನಡೆದು ಅರ್ಧ ಶತಮಾನ ಸಮೀಪಿಸುತ್ತಿದ್ದ ಕಾಲದಲ್ಲಿಯೂ, ಕಡಲ ಮೇಲ್ಮೈಯಿಂದ ನೂರು ಮೀಟರೂ ದೂರವಿಲ್ಲದ ಜೀವಿಯೊಂದು ವಿಜ್ಞಾನಕ್ಕೆ ಅಪರಿಚಿತವಾಗಿ ಉಳಿದಿತ್ತೆಂಬುದು ಆಶ್ಚರ್ಯಕರವೇ ಸರಿ.

ಹವಳವೆಂದೊಡನೆ ನಮ್ಮ ಕಣ್ಣೆದುರು ಬರುವುದು ಬಿಸಿಲು ತೂರಿ ಬರುವ ತಿಳಿನೀರು. ಆದರೆ ಹವಳದ ದಿಬ್ಬವು ಅಷ್ಟಕ್ಕೇ ಮುಗಿಯುವುದಿಲ್ಲ. ಸುಮಾರು 30 ಮೀಟರಿನಿಂದ 150 ಮೀಟರಿನವರೆಗೆ, ಕೆಂಪು ಮೊದಲಾದ ವರ್ಣಗಳೆಲ್ಲವನ್ನೂ ನೀರು ಹೀರಿಕೊಂಡು ನೀಲಿಯೊಂದನ್ನೇ ಕೆಳಗೆ ಬಿಡುವ ಮಬ್ಬುಬೆಳಕಿನ ವಲಯದಲ್ಲಿಯೂ ಅದು ಹಬ್ಬಿರುತ್ತದೆ. ಮಾವಿ ದ್ವೀಪದ ಪಕ್ಕದ ಔಔ ಜಲಸಂಧಿಯಲ್ಲಿ ಲೆಪ್ಟೊಸೆರಿಸ್ ಎಂಬ ಹವಳವು, ಕೊಂಬೆಯೊಡೆದು ಮೇಲೇಳುವ ದುಂದುವೆಚ್ಚವನ್ನು ತೊರೆದು, ತೆಳ್ಳನೆಯ ಹಾಳೆಗಳಾಗಿ ಅಡ್ಡಲಾಗಿ ಹರಡಿಕೊಂಡು, ತನ್ನ ಅಂಗಾಂಶದಲ್ಲಿ ನೆಲೆಸಿದ ಪಾಚಿಗಳಿಗೆ ಸಿಕ್ಕಷ್ಟು ಬೆಳಕನ್ನು ಒದಗಿಸುತ್ತದೆ. ಜಲಾಂತರ್ನೌಕೆಗಳನ್ನು ಕಟ್ಟಿದವರ ದೃಷ್ಟಿ ಸಾವಿರಾರು ಮೀಟರುಗಳ ಅಗಾಧತೆಯ ಕಡೆಗಿತ್ತು. ಸ್ಕೂಬಾ ತೊಟ್ಟವರಾದರೋ 40 ಮೀಟರಿನ ಆಸುಪಾಸಿನಿಂದಲೇ ಹಿಂದಿರುಗುತ್ತಿದ್ದರು. ಈ ಇಬ್ಬರ ನಡುವೆ ಸಿಕ್ಕಿದ ವಲಯವು ಯಾರಿಗೂ ಬೇಡದ್ದಾಗಿತ್ತು.

ಸ್ಕೂಬಾದವರು ಹಿಂದಿರುಗುವುದೇಕೆ? ನೀರಿನ ಭಾರದಿಂದ ದೇಹ ಜಜ್ಜಿಹೋದೀತೆಂಬ ಭಯದಿಂದಲ್ಲ. ಅವರನ್ನು ತಡೆಯುವುದು ಉಸಿರಾಡುವ ಗಾಳಿಯೇ. ಪ್ರತಿ 10 ಮೀಟರಿಗೆ ಒಂದು ವಾಯುಮಂಡಲದಷ್ಟು ಒತ್ತಡ ಕೂಡುವುದರಿಂದ, 60 ಮೀಟರಿನಲ್ಲಿ ಒಟ್ಟು ಒತ್ತಡವು ಏಳುಪಟ್ಟಾಗಿ, ಒಂದೊಂದು ಉಸಿರಿಗೂ ಏಳು ಉಸಿರಿನ ಗಾಳಿ ವೆಚ್ಚವಾಗುತ್ತದೆ. ಮುರುಡೇಶ್ವರದಾಚೆಯ ನೇತ್ರಾಣಿಯಲ್ಲಿ ಮುಳುಗಿ ಬಂದವರು ಬಲ್ಲಂತೆ, ಸಾಮಾನ್ಯ ಸ್ಕೂಬಾದಲ್ಲಿ ಬಿಟ್ಟ ಉಸಿರೆಲ್ಲವೂ ಗುಳ್ಳೆಗಳಾಗಿ ಮೇಲೇರಿಹೋಗುತ್ತದೆ. 200 ಬಾರ್ ಒತ್ತಡದಲ್ಲಿ ತುಂಬಿದ 12 ಲೀಟರಿನ ಸಿಲಿಂಡರು, ನಿಮಿಷಕ್ಕೆ 20 ಲೀಟರಿನಂತೆ ಉಸಿರಾಡುವವನಿಗೆ ದಡದ ಮೇಲೆ ಎರಡು ಗಂಟೆ ಬಂದರೆ, 60 ಮೀಟರಿನಲ್ಲಿ 17 ನಿಮಿಷ ಬರುವುದೂ ಕಷ್ಟ. ಸಾಲದುದಕ್ಕೆ, 30 ಮೀಟರಿನ ಸುಮಾರಿಗೇ ಸಾರಜನಕವು ಮದ್ಯದಂತೆ ಬುದ್ಧಿಯನ್ನು ಮಂಕುಗೊಳಿಸಲಾರಂಭಿಸುತ್ತದೆ. ಜೀವದಾಯಕವೆಂದು ನಾವು ಕೊಂಡಾಡುವ ಆಮ್ಲಜನಕವೂ ಒತ್ತಡ ಮಿತಿಮೀರಿದಾಗ ನರಗಳಿಗೆ ವಿಷವಾಗಿ ಸೆಳವು ತರುವುದೆಂಬುದನ್ನು ಫ್ರಾನ್ಸಿನ ಪಾಲ್ ಬೆರ್ 1878ರಷ್ಟು ಹಿಂದೆಯೇ ಪ್ರಕಟಿಸಿದ್ದರು.

ಅದೇ 1878ರಲ್ಲಿ ಇಂಗ್ಲೆಂಡಿನ ಹೆನ್ರಿ ಫ್ಲೂಸ್ ಎಂಬವರು, ಬಿಟ್ಟ ಉಸಿರನ್ನು ಕ್ಷಾರದಲ್ಲಿ ತೊಯ್ಸಿದ ನಾರಿನ ಮೂಲಕ ಹಾಯಿಸಿ, ಆಮ್ಲಜನಕವನ್ನು ಬೆರೆಸಿ ಮತ್ತೆ ಸೇವಿಸುವ ಉಪಕರಣವೊಂದನ್ನು ರೂಪಿಸಿದರು. ಎರಡು ವರ್ಷಗಳ ಬಳಿಕ ಸೆವರ್ನ್ ನದಿಯ ಕೆಳಗೆ ಕೊರೆಯುತ್ತಿದ್ದ ರೈಲು ಸುರಂಗದೊಳಗೆ ನೀರು ತುಂಬಿ ನಿಂತಿದ್ದಾಗ, ಅಲೆಕ್ಸಾಂಡರ್ ಲ್ಯಾಂಬರ್ಟ್ ಎಂಬ ಮುಳುಗುಗಾರ ಈ ಸಾಧನವನ್ನು ಧರಿಸಿ, ಕಗ್ಗತ್ತಲೆಯಲ್ಲಿ 300 ಮೀಟರಿಗೂ ಹೆಚ್ಚು ದೂರ ತಡವರಿಸುತ್ತ ಸಾಗಿ, ತೆರೆದುಳಿದಿದ್ದ ಕಬ್ಬಿಣದ ಬಾಗಿಲನ್ನು ಮುಚ್ಚಿ ಬಂದ. ಇಂದಿನ ರೀಬ್ರೀದರ್ ಯಂತ್ರವು ಈ ಉಪಕರಣದ ವಂಶಕ್ಕೇ ಸೇರಿದುದು.

ಅದರ ತತ್ತ್ವ ಸರಳ. ಉಸಿರಿಗೆಳೆದ ಗಾಳಿಯಲ್ಲಿ ಆಮ್ಲಜನಕ ನೂರಕ್ಕೆ 21 ಪಾಲಿದ್ದರೆ, ಬಿಟ್ಟ ಗಾಳಿಯಲ್ಲಿಯೂ 16ರಷ್ಟು ಉಳಿದೇ ಇರುತ್ತದೆ. ದೇಹ ನಿಜವಾಗಿ ಬಳಸುವುದು ಸ್ವಲ್ಪವೇ, ಮತ್ತು ಆ ಸ್ವಲ್ಪವು ಆಳದೊಡನೆ ಹೆಚ್ಚುವುದಿಲ್ಲ. ಆದುದರಿಂದ ಉಸಿರನ್ನು ಹೊರಚೆಲ್ಲದೆ, ನಿರಿಗೆಗಟ್ಟಿದ ಕೊಳವೆಯಲ್ಲಿ ಒಂದೇ ದಿಕ್ಕಿಗೆ ಸುತ್ತಿಸಿ, ಅದರೊಳಗಿನ ಇಂಗಾಲದ ಡೈ ಆಕ್ಸೈಡನ್ನು ತೆಗೆದು, ಕಳೆದಷ್ಟು ಆಮ್ಲಜನಕವನ್ನು ತುಂಬಿಕೊಟ್ಟರೆ ಸಾಕು. ಬೆನ್ನಮೇಲಿನ 3 ಲೀಟರಿನ ಸಣ್ಣ ಸಿಲಿಂಡರಿನಲ್ಲಿ 200 ಬಾರಿಗೆ 600 ಲೀಟರ್ ಆಮ್ಲಜನಕವಿರುತ್ತದೆ. ನಿಮಿಷಕ್ಕೊಂದು ಲೀಟರ್ ಬಳಕೆಯಾದರೂ ಲೆಕ್ಕಕ್ಕೆ ಹತ್ತು ಗಂಟೆ. ಇನ್ನೊಂದು ಸಿಲಿಂಡರಿನಲ್ಲಿರುವ ಹೀಲಿಯಂ ಮಿಶ್ರಣವು ಸಾರಜನಕದ ಮದವನ್ನೂ ಆಮ್ಲಜನಕದ ವಿಷವನ್ನೂ ಹದದಲ್ಲಿಡುತ್ತದೆ.

ಇಂಗಾಲದ ಡೈ ಆಕ್ಸೈಡನ್ನು ಹಿಡಿಯುವ ಡಬ್ಬಿಯ ಮುಚ್ಚಳ ತೆರೆದು ನೋಡಿದರೆ, ಅಲ್ಲಿರುವುದು ಬಿಳಿಯ ಹರಳುಹರಳಾದ ಸುಣ್ಣ. ತಿಳಿ ಸುಣ್ಣದ ನೀರಿಗೆ ಉಸಿರೂದಿದಾಗ ಅದು ಹಾಲಿನಂತಾಗುವುದನ್ನು ಶಾಲೆಯಲ್ಲಿ ಕಂಡವರಿಗೆ ಈ ಕ್ರಿಯೆ ಹೊಸದಲ್ಲ: ಸುಣ್ಣವು ಇಂಗಾಲದ ಡೈ ಆಕ್ಸೈಡಿನೊಡನೆ ಕೂಡಿ ಕ್ಯಾಲ್ಸಿಯಂ ಕಾರ್ಬೊನೇಟಾಗಿ, ಜೊತೆಗೆ ಶಾಖವನ್ನೂ ತೇವವನ್ನೂ ಬಿಡುತ್ತದೆ, ಹೀಲಿಯಮ್ಮಿನಿಂದ ಬೇಗನೆ ತಣಿಯುವ ದೇಹಕ್ಕೆ ಈ ಬೆಚ್ಚನೆಯ ಉಸಿರು ಹಿತಕರವೇ. ಹವಳವು ತನ್ನ ಅಸ್ಥಿಪಂಜರವನ್ನು ಕಟ್ಟುವುದೂ ಕ್ಯಾಲ್ಸಿಯಂ ಕಾರ್ಬೊನೇಟಿನಿಂದಲೇ. ಹವಳದ ಗೋಡೆಯ ಮುಂದೆ ತೇಲುವ ಮನುಷ್ಯನ ಬೆನ್ನಿನ ಡಬ್ಬಿಯಲ್ಲಿ ಅವನ ಉಸಿರು ಹವಳದ ದ್ರವ್ಯವಾಗಿ ಮಾರ್ಪಡುತ್ತಿರುತ್ತದೆಂಬ ಈ ಸಂಗತಿಯನ್ನು ಯಂತ್ರದ ಕೈಪಿಡಿಗಳು ಹೇಳುವುದಿಲ್ಲ, ಹೇಳಬೇಕಾಗಿತ್ತು. ಗುಳ್ಳೆಗಳ ಗದ್ದಲವಿಲ್ಲದ ಕಾರಣ ಮೀನುಗಳೂ ಹೆದರದೆ ಹತ್ತಿರ ಬರುತ್ತವೆ.

ಆದರೆ ಈ ಯಂತ್ರವು ಕೆಟ್ಟಾಗ ಕೂಗಿ ಹೇಳುವಂಥದಲ್ಲ. ತೆರೆದ ಸ್ಕೂಬಾದಲ್ಲಿ ಗಾಳಿ ಮುಗಿದರೆ ಎಳೆದ ಉಸಿರೇ ಬಾರದೆ ಎಚ್ಚರವಾಗುತ್ತದೆ. ಇಲ್ಲಿಯಾದರೋ, ಆಮ್ಲಜನಕ ಕ್ಷೀಣಿಸಿದರೂ ಉಸಿರಾಟ ಸುಗಮವಾಗಿಯೇ ಇರುತ್ತದೆ. ಏಕೆಂದರೆ ಉಸಿರುಗಟ್ಟುವ ಭಾವವನ್ನು ಹುಟ್ಟಿಸುವುದು ಮುಖ್ಯವಾಗಿ ಇಂಗಾಲದ ಡೈ ಆಕ್ಸೈಡೇ ಹೊರತು ಆಮ್ಲಜನಕದ ಅಭಾವವಲ್ಲ, ಮತ್ತು ಆ ಡೈ ಆಕ್ಸೈಡನ್ನು ಸುಣ್ಣವು ನಿಷ್ಠೆಯಿಂದ ತೆಗೆಯುತ್ತಲೇ ಇದೆ. ಮುಳುಗುಗಾರ ಯಾವ ಸಂಕಟವೂ ಇಲ್ಲದೆ ಪ್ರಜ್ಞೆ ತಪ್ಪುತ್ತಾನೆ. ಇದಕ್ಕಾಗಿಯೇ ಸಾಮಾನ್ಯವಾಗಿ ಆಮ್ಲಜನಕವನ್ನು ಅಳೆಯುವ ಮೂರು ಸಂವೇದಕಗಳನ್ನಿಟ್ಟು, ಎರಡು ಒಂದು ಮಾತು ಹೇಳಿ ಮೂರನೆಯದು ಬೇರೆ ಹೇಳಿದರೆ ಎರಡರ ಮಾತನ್ನು ಗಣಕವು ನಂಬುವಂತೆ ಏರ್ಪಡಿಸಿರುತ್ತಾರೆ. ಒಟ್ಟಿಗೆ ಮುದಿಯಾದ ಎರಡು ಸಂವೇದಕಗಳು ಒಟ್ಟಿಗೇ ಸುಳ್ಳು ಹೇಳುವುದೂ ಉಂಟು! ಇನ್ನು ಸುಣ್ಣಕ್ಕೆ ಸಮುದ್ರದ ನೀರು ಸೋಕಿದರೆ ಬಾಯಿಗೆ ಬರುವುದು ಗಂಟಲು ಸುಡುವ ಕ್ಷಾರದ್ರವ.

ಮೇಲೇರುವುದು ಇಳಿಯುವುದಕ್ಕಿಂತ ದೀರ್ಘವಾದುದು. ದೇಹದಲ್ಲಿ ಕರಗಿದ ಅನಿಲವು ಗುಳ್ಳೆಗಟ್ಟದಂತೆ, 90 ಮೀಟರಿನ ಕೆಲವು ನಿಮಿಷಗಳ ವಾಸಕ್ಕೆ ಗಂಟೆಗಟ್ಟಲೆ ತಂಗಿ ತಂಗಿ ಏರಬೇಕು. ಹಿಡಿದ ಮೀನುಗಳ ಗಾಳಿಚೀಲ ಉಬ್ಬಿ ಒಡೆಯದಿರಲೆಂದು ಪೈಲ್ ಅವರು ಆಳದಲ್ಲಿಯೇ ನಿಂತು ಅವುಗಳ ಗಾಳಿ ತೆಗೆಯುತ್ತಿದ್ದ ದಿನಗಳಂದು, ತಮಗೂ ಆಯಾಸ ಕಡಿಮೆಯೆಂಬುದನ್ನು ಗಮನಿಸಿದರು. ಆ ತಂಗುವಿಕೆಗೆ ಅವರ ಹೆಸರೇ ಬಂದಿತು. ಆದರೆ ಅಮೆರಿಕದ ನೌಕಾದಳವು 2011ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಆಳದ ತಂಗುದಾಣಗಳಲ್ಲಿ ಹೆಚ್ಚು ಹೊತ್ತು ಕಳೆದವರಿಗೇ ಗುಳ್ಳೆರೋಗ ಅಧಿಕವೆಂದು ಕಂಡುಬಂದು, ಈ ವಿಷಯದ ವಾದ ಇನ್ನೂ ಶಮನಗೊಂಡಿಲ್ಲ.

ವಿನೋದಕ್ಕಾಗಿ ಮುಳುಗುವವರಿಗೆ 40 ಮೀಟರಿನ ಮೇರೆಯನ್ನು ಹಾಕಿರುವುದು ಯುಕ್ತವಾದುದೇ. ಅದರಾಚೆಗೆ ಈ ಯಂತ್ರದೊಡನೆ ಹೋಗುವ ಪರಿಣತರು, ಅದು ಕೈಕೊಟ್ಟರೆ ಮೇಲ್ಮೈ ತಲಪುವಷ್ಟು ಗಾಳಿಯ ಬೇರೆ ಸಿಲಿಂಡರುಗಳನ್ನು ಪಕ್ಕಕ್ಕೆ ಕಟ್ಟಿಕೊಂಡೇ ಇಳಿಯುತ್ತಾರೆ. ಹಾಗೆ ಕಟ್ಟಿಕೊಳ್ಳದವರೊಡನೆ ಜೊತೆಗೂಡಿ ಯಾರೂ ನೀರಿಗಿಳಿಯತಕ್ಕದ್ದಲ್ಲ.